ಬ್ಯಾರನ್ ಸೌದೆಯಲ್ಲಿ ಮಾಂಸಕ್ಕೆ ಹೊಗೆ ಹಿಡಿಸಬಹುದೇ?

ಪ್ರಶ್ನೆ: ಸ್ವಾಮಿ, ನಮ್ಮದು ಹುಣಸೂರು ತಾಲ್ಲೂಕು. ಹೊಗೆಸೊಪ್ಪು ಬೆಳೆದು, ಬ್ಯಾರನ್ ಮನೆಯಲ್ಲಿ ಕಾಯಿಸಿ ಹದ ಮಾಡುವವರು. ಬ್ಯಾರನ್‌ಗೆ ತರಿಸಿದ ಸೌದೆ ಒಂದಿಷ್ಟು ಮಿಕ್ಕಿದೆ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಮಾವು, ಹುಣಸೆ ಎಲ್ಲ ಕಲಬೆರಕೆ. ಅಮೆರಿಕದವರು ಹಂದಿ ಮಾಂಸಕ್ಕೆ ಗಂಟೆಗಟ್ಟಲೆ ಹೊಗೆ ಕೊಡುವುದನ್ನು ಮಗ ಮೊಬೈಲಿನಲ್ಲಿ ನೋಡಿ, ನಾವೂ ಮಾಡೋಣ ಅಂತ ಕೂತಿದ್ದಾನೆ. ಅವರು ಓಕ್, ಹಿಕರಿ, ಸೇಬಿನ ಮರ ಅನ್ನುತ್ತಾರೆ. ನಮ್ಮಲ್ಲಿ ಯಾವ ಮರ ಆದೀತು? ಬ್ಯಾರನ್ ಹೇಗೂ ಖಾಲಿ ಇದೆ, ಅದರೊಳಗೇ ತೂಗುಹಾಕಿದರೆ ಆಗದೇ? ಮನೆಯಲ್ಲಿ ಮಾಂಸ ಮುಟ್ಟದವರೂ ಇದ್ದಾರೆ. ಅವರಿಗೂ ಏನಾದರೂ ಮಾಡಿಕೊಡಬಹುದೇ?
— ಓದುಗರೊಬ್ಬರು, ಹುಣಸೂರು ತಾಲ್ಲೂಕು

ಉತ್ತರ: ನಡುವಿನ ಪ್ರಶ್ನೆಯನ್ನು ಮೊದಲು ತೀರಿಸಿಬಿಡೋಣ, ಏಕೆಂದರೆ ಅಪಾಯ ಇರುವುದು ಅದರಲ್ಲಿ. ಬ್ಯಾರನ್ ಒಳಗೆ ಮಾಂಸ ತೂಗುಹಾಕಬೇಡಿ. ಅದು ಎಷ್ಟು ವರ್ಷದಿಂದ ಖಾಲಿ ಬಿದ್ದಿದ್ದರೂ ಅಷ್ಟೇ.

ಮಳೆಯಲ್ಲಿ ನೆಂದ ಸೊಪ್ಪು ಮುರಿದವರಿಗೆ ತಲೆ ಸುತ್ತಿ, ಹೊಟ್ಟೆ ತೊಳಸಿ, ವಾಂತಿಯಾಗುವುದನ್ನು ನೀವು ಕಂಡೇ ಇರುತ್ತೀರಿ. ಎಲೆಯ ಮೇಲಿನ ನೀರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುವುದರಿಂದ ಹಾಗಾಗುತ್ತದೆ. ಅಂಥ ಸೊಪ್ಪು ವರ್ಷಾನುಗಟ್ಟಲೆ ಬೆಂದ ಮನೆಯ ಗೋಡೆ, ತೊಲೆ, ನೆಲದ ದೂಳು ಎಲ್ಲದರಲ್ಲೂ ಅದರ ಪುಡಿ, ಅಂಟು ಕೂತಿರುತ್ತದೆ. ಉಪ್ಪು ಹಚ್ಚಿದ ಹಸಿ ಮಾಂಸ ನೀರು ಬಿಟ್ಟು, ಕೊಬ್ಬು ಕರಗಿಸಿ ಜಿಗುಟಾಗಿ ತೂಗುತ್ತಿದ್ದರೆ ಮೇಲಿಂದ ಉದುರಿದ್ದನ್ನೆಲ್ಲ ಮೈಗೆ ಮೆತ್ತಿಕೊಳ್ಳುತ್ತದೆ. ತೊಳೆದರೂ ಹೋಗುವುದಿಲ್ಲ. ಸೊಪ್ಪು ಕಟ್ಟಿದ ಹಳೆಯ ಕಡ್ಡಿ, ಹೊಲದಲ್ಲಿ ಉಳಿದ ಹೊಗೆಸೊಪ್ಪಿನ ಒಣ ಕಾಂಡ, ಇವನ್ನು ಒಲೆಗೆ ತುರುಕುವುದೂ ಬೇಡ. ಕಡ್ಡಿ ನೋಡಲು ಹದವಾಗಿ ಒಣಗಿ, ಹೊಗೆ ಹಾಕಲೆಂದೇ ಸೀಳಿಟ್ಟ ಹಾಗೆ ಕಾಣುತ್ತದೆ. ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಇನ್ನೊಂದು ಕಾರಣ ಬ್ಯಾರನ್ ಕಟ್ಟಿರುವ ರೀತಿಯಲ್ಲೇ ಇದೆ. ನಿಮ್ಮ ಸೀಮೆಯಲ್ಲಿ ಬೆಳೆಯುವುದು ವರ್ಜೀನಿಯಾ ಹೊಗೆಸೊಪ್ಪು. ಅದನ್ನು ಹದ ಮಾಡುವುದು ಬಿಸಿಯಲ್ಲಿ, ಹೊಗೆಯಲ್ಲಿ ಅಲ್ಲ. ಒಲೆಯ ಬಾಯಿ ಹೊರಗಿರುತ್ತದೆ, ಹೊಗೆ ಹೋಗುವ ಚಿಮಣಿಯೂ ಹೊರಗೆ. ನಡುವೆ ಹಾದುಹೋಗುವ ಕಬ್ಬಿಣದ ಕೊಳವೆ ಕಾದು ಒಳಗಿನ ಗಾಳಿಯನ್ನು ಕಾಯಿಸುತ್ತದೆ. ಸುಮಾರು 35 ಡಿಗ್ರಿಯಲ್ಲಿ ಎಲೆಗೆ ಹಳದಿ ಬರಿಸಿ, ಮೆಲ್ಲಗೆ ಏರಿಸುತ್ತಾ 70 ಡಿಗ್ರಿಯ ಹತ್ತಿರ ದಂಟು ಒಣಗಿಸುವ ಹೊತ್ತಿಗೆ ಐದಾರು ದಿನ ಹೋಗಿರುತ್ತದೆ. ಆ ಅಷ್ಟೂ ದಿನ ಕೊಳವೆಯಿಂದ ಒಂದು ಎಳೆ ಹೊಗೆಯೂ ಒಳಗೆ ನುಸುಳದಂತೆ ನೋಡಿಕೊಳ್ಳಬೇಕು. ಕೊಳವೆ ತೂತಾಗಿ ಹೊಗೆ ವಾಸನೆ ಹಿಡಿದ ಸೊಪ್ಪಿಗೆ ಹರಾಜು ಕಟ್ಟೆಯಲ್ಲಿ ಏನು ಬೆಲೆ ಸಿಗುತ್ತದೆ ಅಂತ ನಾನು ನಿಮಗೆ ಹೇಳಬೇಕೆ? ಹೊಗೆಯಲ್ಲೇ ಹದ ಮಾಡುವ ಹೊಗೆಸೊಪ್ಪೂ ಲೋಕದಲ್ಲಿ ಉಂಟು. ಅಮೆರಿಕದ ಕೆಂಟಕಿ, ಟೆನೆಸಿ ರಾಜ್ಯಗಳಲ್ಲಿ ಒಂದು ಕಪ್ಪು ತಳಿಗೆ ಓಕ್, ಹಿಕರಿ ಸೌದೆಯನ್ನು ಉರಿಯದಂತೆ ಕಮರಿಸಿ, ನೇರವಾಗಿ ಎಲೆಗೇ ಹೊಗೆ ಉಣಿಸುತ್ತಾರೆ. ನಿಮ್ಮ ಮಗ ಮೊಬೈಲಿನಲ್ಲಿ ನೋಡಿದ ಹಿಕರಿ ಇದೇ. ಅಲ್ಲಿ ಹಂದಿ ತೊಡೆಗೂ ಅದೇ ಮರ, ಹೊಗೆಸೊಪ್ಪಿಗೂ ಅದೇ ಮರ.

ಹೀಗಾಗಿ ಸೌದೆ ನೋಡಿ ಕೊಳ್ಳುವುದರಲ್ಲಿ ನಿಮ್ಮ ಸೀಮೆಯವರು ಪಳಗಿದವರಾದರೂ ಆ ಪಳಗಿಕೆಯೆಲ್ಲ ಬಿಸಿಗಾಗಿ. ಒಂದು ಕಿಲೊ ಹದವಾದ ಸೊಪ್ಪಿಗೆ ನಾಲ್ಕೈದು ಕಿಲೊ ಸೌದೆ ಸುಡುವವರಿಗೆ ಬೇಕಾದದ್ದು ದಟ್ಟವಾದ, ಹೆಚ್ಚು ಹೊತ್ತು ಉರಿಯುವ, ಅಗ್ಗಕ್ಕೆ ಸಿಗುವ ಮರ. ಚೆನ್ನಾಗಿ ಒಣಗಿದರೆ ಯಾವ ಜಾತಿಯ ಸೌದೆಯಾದರೂ ಕಿಲೊಗೆ ಕೊಡುವ ಶಾಖ ಹೆಚ್ಚುಕಡಿಮೆ ಒಂದೇ. ಲೋಡ್ ಲೆಕ್ಕದಲ್ಲಿ ಕೊಳ್ಳುವಾಗ ಸರ್ವೆಗೂ ಸಿಲ್ವರ್ ಓಕಿಗೂ ಅಷ್ಟು ಅಂತರ ಕಾಣುವುದು ಮರದ ದಟ್ಟಣೆಯಿಂದ, ಒಳಗೆ ಉಳಿದ ನೀರಿನಿಂದ. ಆಹಾರಕ್ಕೆ ಹೊಗೆ ಕೊಡುವವರು ನೋಡಬೇಕಾದದ್ದು ಬೇರೆ. ಬ್ಯಾರನ್ನಿನಲ್ಲಿ ಚಿಮಣಿಯಿಂದ ಹೊರಗೆ ಹೋಗುತ್ತಿದ್ದದ್ದೇ ಇಲ್ಲಿ ಸರಕು. ಅದನ್ನು ನೀವು ತಿನ್ನುತ್ತೀರಿ.

ಹೊಗೆಯಲ್ಲಿ ಏನಿರುತ್ತದೆ ಅನ್ನುವುದು ಒಂದು ಅಂದಾಜಿಗೆ ಗೊತ್ತಿದ್ದರೆ ಮರದ ಆಯ್ಕೆ ಸಲೀಸು. ಮರವೆಂದರೆ ಮುಖ್ಯವಾಗಿ ಮೂರು ವಸ್ತು: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಕಾದಾಗ ಮೊದಲು ನೀರು ಹೋಗುತ್ತದೆ. ಇನ್ನೂರು ಡಿಗ್ರಿ ದಾಟಿದ ಮೇಲೆ ಹೆಮಿಸೆಲ್ಯುಲೋಸ್, ಅದರ ಹಿಂದೆಯೇ ಸೆಲ್ಯುಲೋಸ್ ಒಡೆಯುತ್ತವೆ. ಮಾಂಸದ ಮೇಲೆ ಕೂರುವ ಕೆಂಗಂದು ಬಣ್ಣ, ಸಿಹಿ ವಾಸನೆ, ಕೆಡದಂತೆ ಸ್ವಲ್ಪ ತಡೆಯುವ ಹುಳಿ ಅಂಶ ಬರುವುದು ಇವುಗಳಿಂದ. ಲಿಗ್ನಿನ್ ಇನ್ನೂ ಮೇಲಿನ ಕಾವಿನಲ್ಲಿ ಒಡೆದು ಗ್ವಾಯಕಾಲ್, ಸಿರಿಂಗಾಲ್ ಅನ್ನುವ ವಸ್ತುಗಳನ್ನು ಬಿಡುತ್ತದೆ. ನಾವು ‘ಹೊಗೆ ರುಚಿ’ ಅನ್ನುವುದು ಬಹುಪಾಲು ಇವನ್ನೇ. ಎಲೆ ಉದುರಿಸುವ ಅಗಲ ಎಲೆಯ ಗಟ್ಟಿ ಮರಗಳಲ್ಲಿ ಸಿರಿಂಗಾಲ್ ಕೊಡುವ ಲಿಗ್ನಿನ್ ಇದೆ. ಪೈನ್ ಜಾತಿಯ ಸೂಜಿ ಎಲೆಯ ಮರಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಮೇಲಾಗಿ ರಾಳ ಜಾಸ್ತಿ. ಆ ರಾಳ ಉರಿದರೆ ಮಸಿ, ಕಹಿ. ಲೋಕದಲ್ಲೆಲ್ಲ ಹಣ್ಣಿನ ಮರ, ಗಟ್ಟಿ ಮರ ಹುಡುಕುವುದು ಇದಕ್ಕಾಗಿ. ಹಾಗೆಂದು ಇದು ಶಾಸನವಲ್ಲ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಹೆಸರಾಂತ ಹಂದಿ ತೊಡೆಗೆ ಅಲ್ಲಿನ ಫರ್ ಮರದ ಹೊಗೆಯೇ ಬೇಕು. ಚೀನಾದ ಲ್ಯಾಪ್ಸಾಂಗ್ ಚಹಾಕ್ಕೆ ಪೈನ್ ಹೊಗೆ.

ಮರದ ಜಾತಿಗಿಂತ ಮೊದಲು ಕೇಳಬೇಕಾದದ್ದು ಅದು ಒಣಗಿದೆಯೇ ಅಂತ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಸೀಳಿ, ತೊಗಟೆ ತೆಗೆದು, ಮಳೆ ತಾಗದ ಗಾಳಿಯಾಡುವ ಕಡೆ ಒಂದು ಬೇಸಿಗೆ ಕಳೆದರೆ ಅದು ಶೇಕಡ 15–20ಕ್ಕೆ ಇಳಿಯುತ್ತದೆ. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿಯಾದರೆ ದಪ್ಪ ಸದ್ದು. ಕಡಿದ ಮುಖದಲ್ಲಿ ಸಣ್ಣ ಬಿರುಕು ಕಾಣಬೇಕು. ಹಸಿ ಸೌದೆಯ ಬೆಂಕಿಗೆ ನೀರು ಆವಿ ಮಾಡುವುದೇ ಕೆಲಸವಾಗಿ, ಅರೆಬೆಂದ ದಟ್ಟ ಬಿಳಿ ಹೊಗೆ ಎದ್ದು, ಮಾಂಸದ ಮೇಲೆ ಡಾಂಬರಿನಂಥ ಕಹಿ ಜಿಡ್ಡು ಕೂರುತ್ತದೆ. ನಾಲಿಗೆ ಜೋಮು ಹಿಡಿಸುವ ಆ ಕಹಿಯನ್ನು ಯಾವ ಮಸಾಲೆಯೂ ಮುಚ್ಚದು. ಮರದ ಚಕ್ಕೆಯನ್ನು ನೀರಲ್ಲಿ ನೆನೆಸಿ ಹಾಕಿ ಅಂತ ಹೇಳುವವರಿದ್ದಾರೆ. ನನಗೆ ಅದರಲ್ಲಿ ಅರ್ಥ ಕಂಡಿಲ್ಲ. ನೀರು ಆರುವ ತನಕ ಅದು ಹೊಗೆಯನ್ನೇ ಕೊಡುವುದಿಲ್ಲ, ಬರೀ ಹಬೆ. ಬೆಂಕಿ ನಿಧಾನವಾಗಬೇಕಾದರೆ ಗಾಳಿ ಕಡಿಮೆ ಮಾಡಿ. ಬೇಕಾದ ಹೊಗೆ ಯಾವುದೆಂದರೆ, ಕಣ್ಣಿಗೆ ಕಂಡೂ ಕಾಣದಂಥ ತೆಳು ನೀಲಿ ಎಳೆ. ಬೆಳಿಗ್ಗೆ ಹೊತ್ತಿಸಿದ ಒಲೆ ಹದಕ್ಕೆ ಬಂದಮೇಲೆ ಹೆಂಚಿನ ಸಂದಿನಿಂದ ಏಳುವಂಥದು.

ಈಗ ನಿಮ್ಮ ರಾಶಿಗೆ ಬರೋಣ.

ಸಿಲ್ವರ್ ಓಕನ್ನು ಪಕ್ಕಕ್ಕೆ ಎಸೆಯಿರಿ. ಮಗ ಅಮೆರಿಕದವರ ಬಾಯಲ್ಲಿ ಕೇಳಿದ ಓಕಿಗೂ ಇದಕ್ಕೂ ಬಾದರಾಯಣ ಸಂಬಂಧವೂ ಇಲ್ಲ. ಅದು ನಮ್ಮ ಸೀಮೆಯಲ್ಲಿ ಬೆಳೆಯದ ಬೇರೆ ಕುಲ. ಇದು ಆಸ್ಟ್ರೇಲಿಯದಿಂದ ಬಂದು ಕೊಡಗಿನ ಕಾಫಿ ತೋಟದ ನೆರಳಿಗೆ, ಮೆಣಸಿನ ಬಳ್ಳಿಯ ಆಸರೆಗೆ ನಿಂತ ಮರ. ಇದರ ರಸದಲ್ಲಿ ಕೆಲವರ ಚರ್ಮಕ್ಕೆ ತುರಿ, ಗುಳ್ಳೆ ಎಬ್ಬಿಸುವ ಅಂಶವಿದೆ. ಬ್ಯಾರನ್ ಒಲೆಗೆ ಏನೂ ತೊಂದರೆ ಇಲ್ಲ, ಹೊಗೆ ಚಿಮಣಿಯಿಂದ ಹೋಗುತ್ತದೆ. ತಿನ್ನುವ ಪದಾರ್ಥಕ್ಕೆ ಬೇಡ.

ನೀಲಗಿರಿಯೂ ಬೇಡ. ಎಣ್ಣೆ ಹೆಚ್ಚಾಗಿರುವುದು ಎಲೆಯಲ್ಲಿ, ನಿಜ. ಹಳೆಯ ಮರದ ಒಣ ಚೇಗನ್ನು ಕೆಂಡ ಮಾಡಿಕೊಂಡು ಅದರ ಮೇಲೆ ಸುಡಬಹುದು, ಆಸ್ಟ್ರೇಲಿಯದವರು ತಮ್ಮ ಕೆಲವು ನೀಲಗಿರಿ ಜಾತಿಗಳಲ್ಲಿ ಹಾಗೆ ಸುಡುತ್ತಾರೆ. ನಿಮಗೆ ಬರುವುದು ಆರೇಳು ವರ್ಷದ ಎಳೆಯ ತೋಪಿನ ಗಳ, ತೊಗಟೆ ಸಮೇತ. ಆ ಹೊಗೆ ಹಿಡಿದ ಮಾಂಸ ಕೆಮ್ಮಿನ ಔಷಧಿಯ ನೆನಪು ತರುತ್ತದೆ.

ಸರ್ವೆ ಮತ್ತು ಹುಣಸೆ ನಿಮ್ಮ ರಾಶಿಯ ಬೆನ್ನೆಲುಬು. ಎರಡೂ ಗಟ್ಟಿ, ಎರಡರದೂ ಹೆಚ್ಚು ಹೊತ್ತು ನಿಲ್ಲುವ ಕೆಂಡ. ಹುಣಸೆಯ ಇದ್ದಿಲನ್ನು ಹಿಂದೆ ಕೋವಿಮದ್ದಿಗೂ ಬಳಸುತ್ತಿದ್ದರು. ಇವೆರಡನ್ನೂ ಹೊಗೆಗೆ ಅಂತ ಅಲ್ಲ, ಕೆಂಡಕ್ಕೆ ಅಂತ ಇಟ್ಟುಕೊಳ್ಳಿ. ಬೇರೆ ಕಡೆ ಚೆನ್ನಾಗಿ ಉರಿಸಿ, ಜ್ವಾಲೆ ಅಡಗಿ, ನಿಗಿನಿಗಿ ಕೆಂಡವಾದ ಮೇಲೆ ಸಲಿಕೆಯಲ್ಲಿ ಎತ್ತಿ ಹೊಗೆ ಗೂಡಿಗೆ ಹಾಕಿ. ಹೊಗೆ ಕೊಡುವ ತುಂಡು ಇದರ ಮೇಲೆ ಬೇರೆಯಾಗಿ ಬರುತ್ತದೆ. ಶಾಖಕ್ಕೆ ಒಂದು ಮರ, ಹೊಗೆಗೆ ಒಂದು ಮರ ಅಂತ ಬೇರೆ ಮಾಡಿಕೊಂಡರೆ ಅರ್ಧ ತಾಪತ್ರಯ ಕಳೆಯಿತು.

ಹೊಗೆಗೆ ನನ್ನ ಮೊದಲ ಆಯ್ಕೆ ಸೀಬೆ. ನಿಮ್ಮ ರಾಶಿಯಲ್ಲಿ ಅದಿಲ್ಲ, ಆದರೆ ಹಿತ್ತಿಲಲ್ಲಿ ಇದ್ದೇ ಇರುತ್ತದೆ. ಸವರಿದ ಕೊಂಬೆಯನ್ನು ಎಸೆಯದೆ ಒಣಗಿಸಿ. ಮಣಿಕಟ್ಟಿನ ದಪ್ಪದ ಕೊಂಬೆ ಸಾಕು. ಹವಾಯಿ ದ್ವೀಪಗಳಲ್ಲಿ ಹಂದಿ ಮಾಂಸಕ್ಕೆ ಸೀಬೆ ಸೌದೆ ಬಳಸುತ್ತಾರೆ. ಹೊಗೆ ಮೃದು, ಸ್ವಲ್ಪ ಸಿಹಿ, ಕೋಳಿಗೂ ಮೀನಿಗೂ ಹೊಂದುತ್ತದೆ. ನೇರಳೆ ಅದೇ ಕುಟುಂಬದ ಮರ, ಸ್ವಲ್ಪ ಒಗರು. ಪಿರಿಯಾಪಟ್ಟಣದಿಂದ ಮುಂದಕ್ಕೆ, ಕೊಡಗಿನ ಅಂಚಿನಲ್ಲಿ, ಕಿತ್ತುಹಾಕಿದ ಹಳೆಯ ರೊಬಸ್ಟಾ ಕಾಫಿ ಗಿಡದ ಸೌದೆ ಸಿಗುತ್ತದೆ. ಸಣ್ಣ ಗಾತ್ರದ, ಕಬ್ಬಿಣದಂಥ ಗಟ್ಟಿ ಮರ. ಹಂದಿಗೆ, ಕುರಿಗೆ ಅದೂ ಚೆನ್ನಾಗಿ ಒಪ್ಪುತ್ತದೆ. ಹೊರದೇಶಗಳಲ್ಲಿ ಈ ಮರದ ತುಂಡನ್ನೇ ಪೊಟ್ಟಣ ಕಟ್ಟಿ ಮಾರುತ್ತಾರೆ. ಔಷಧಿ ಹೊಡೆದ ತೋಟದ ಗಿಡವಾದರೆ ತೊಗಟೆ ಪೂರ್ತಿ ಕೆತ್ತಿ, ಒಂದು ಮಳೆಗಾಲ, ಒಂದು ಬೇಸಿಗೆ ಬಿಟ್ಟು ಬಳಸಿ. ಕಾಫಿ ಸಿಪ್ಪೆಯನ್ನು ಬ್ಯಾರನ್ನಿಗೆ ಬಳಸುವ ಹಾಗೆ ಇಲ್ಲಿ ಬಳಸಬೇಡಿ. ದೂಳೂ ಬೂಷ್ಟೂ ಜಾಸ್ತಿ.

ಮಾವು ಆಗುತ್ತದೆ, ಒಂದು ಷರತ್ತಿನ ಮೇಲೆ. ಅದರ ಸೊನೆ ಚರ್ಮ ಸುಡುವುದು ಎಲ್ಲರಿಗೂ ಗೊತ್ತು. ಮಾವು, ಗೋಡಂಬಿ, ಕಾಡುಗೇರು ಮೂರೂ ಒಂದೇ ಕುಟುಂಬ. ತೊಗಟೆ ಸುಲಿದು, ಸೊನೆ ಪೂರ್ತಿ ಆರುವಂತೆ ಒಣಗಿಸಿದ ಮಾವಿನ ಒಳಮರದ ಹೊಗೆ ಹಿತವಾಗಿಯೇ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಸೊನೆ ತಾಗಿದರೆ ಮುಖ ಊದಿಕೊಳ್ಳುವ ತೊಂದರೆಯಿದ್ದರೆ ಮಾವನ್ನು ಮುಟ್ಟಬೇಡಿ. ಕಾಡುಗೇರನ್ನಂತೂ ಯಾವ ಒಲೆಗೂ ಹಾಕಬೇಡಿ, ಅದರ ಹೊಗೆ ತಾಗಿದರೇ ಮೈ ಕೈ ಕೆರೆತ.

ಕೆ.ಆರ್. ನಗರದ ಕಡೆಯವರಿಗೆ ಸೌದೆಗಿಂತ ಭತ್ತದ ಹೊಟ್ಟು, ಕಬ್ಬಿನ ರಚ್ಚು ಧಾರಾಳ. ಹೊಟ್ಟು ಜ್ವಾಲೆ ಇಲ್ಲದೆ ರಾತ್ರಿಯಿಡೀ ಕಮರುತ್ತದೆ, ಅದನ್ನು ಕೆಂಡ ಕಾಪಾಡಲು ಬಳಸಿ. ಕಬ್ಬಿನ ಒಣ ಸಿಪ್ಪೆ ಒಂದು ಹಿಡಿ ಕೆಂಡದ ಮೇಲೆ ಉದುರಿಸಿದರೆ ಉಳಿದ ಸಕ್ಕರೆ ಸುಟ್ಟು ಮೀನಿಗೆ, ಕೋಳಿಗೆ ಒಳ್ಳೆ ಬಣ್ಣ ಬರುತ್ತದೆ. ಹೆಚ್ಚಾದರೆ ಕಹಿ. ತೆಂಗಿನ ಮಟ್ಟೆಯನ್ನು ಹಗುರವಾಗಿ ಕಾಣಬೇಡಿ. ಲಕ್ಷದ್ವೀಪದ ಮಾಸ್‌ಮೀನು, ಅಂದರೆ ಬೇಯಿಸಿ, ಹೊಗೆ ಹಿಡಿಸಿ, ಕಟ್ಟಿಗೆಯಂತೆ ಒಣಗಿಸಿದ ಟ್ಯೂನಾ ಮೀನು, ತೆಂಗಿನ ಮಟ್ಟೆಯ ಹೊಗೆಯಲ್ಲೇ ಆಗುತ್ತದೆ. ಎಚ್.ಡಿ. ಕೋಟೆಯವರು ಕಬಿನಿ ಹಿನ್ನೀರಿನ ಕಾಟ್ಲಾ, ರೋಹು ತಂದರೆ ಮಟ್ಟೆಯಲ್ಲೇ ಮೊದಲು ಮಾಡಿ ನೋಡಲಿ.

ಒಲೆಯ ಹತ್ತಿರಕ್ಕೂ ತರಬಾರದ್ದು ಇನ್ನೂ ಕೆಲವಿವೆ. ಕಣಗಿಲೆ, ಎಕ್ಕ, ಕಳ್ಳಿ, ಕಾಸರಕ, ಇವು ವಿಷ ಅಂತ ಹಳ್ಳಿಯವರಿಗೆ ಯಾರೂ ಹೇಳಬೇಕಾಗಿಲ್ಲ. ಬೇಲಿಯ ಗೊಬ್ಬರದ ಗಿಡವನ್ನು, ಅದೇ ಗ್ಲಿರಿಸಿಡಿಯಾವನ್ನು, ಮರೆಯುತ್ತೇವೆ. ಅದರ ಬೀಜ, ತೊಗಟೆಯನ್ನು ಇಲಿ ಪಾಷಾಣವಾಗಿ ಬಳಸುವ ದೇಶಗಳಿವೆ. ಕಾಡಂಚಿನ ಲಂಟಾನ ಅನ್ನ ಬೇಯಿಸಲು ಆದೀತು, ಹೊಗೆಗೆ ಬೇಡ. ದನ ತಿಂದರೆ ಏನಾಗುತ್ತದೆ ಅಂತ ಗೊತ್ತಲ್ಲ. ಬೇವು, ಹೊಂಗೆಯ ಹೊಗೆ ಕೊಟ್ಟಿಗೆಯ ಸೊಳ್ಳೆಗೆ ಸರಿ. ಪ್ಲೈವುಡ್, ಬಣ್ಣ ಬಳಿದ ಹಳೆಯ ಬಾಗಿಲು, ಗೆದ್ದಲು ಔಷಧಿ ಹೊಡೆದ ಕಂಬ, ಪೆಟ್ಟಿಗೆ ಹಲಗೆ ಯಾವುದೂ ಬೇಡ. ಸಾಮಿಲ್ ಹೊಟ್ಟಿನಲ್ಲಿ ಯಾವ ಯಾವ ಮರ ಬೆರೆತಿದೆ ಅಂತ ಸಾಮಿಲ್ಲಿನವರಿಗೇ ಗೊತ್ತಿರುವುದಿಲ್ಲ. ನಾಗರಹೊಳೆ ಕಾಡು ನಿಮ್ಮ ಬೆನ್ನಿಗೇ ಇದೆ, ಅಲ್ಲಿಂದ ಒಂದು ಕೊಂಬೆ ತಂದರೂ ಕೇಸು. ಕಾಡುಹಂದಿ ಮಾಂಸದ ಮಾತಂತೂ 1972ರ ವನ್ಯಜೀವಿ ಕಾಯ್ದೆಯ ಮುಂದೆ ನಿಲ್ಲುವುದಿಲ್ಲ, ಎಷ್ಟೇ ಅಜ್ಜನ ಕಾಲದ ಕತೆ ಹೇಳಿದರೂ.

ಅಜ್ಜನ ಕಾಲ ಅಂದೆನಲ್ಲ, ಆಗ ಯಾರೂ ಮರ ಆರಿಸಿ ಹೊಗೆ ಹಾಕಿದವರಲ್ಲ. ಮಾರಿಹಬ್ಬದಲ್ಲಿ ಮಿಕ್ಕ ಬಾಡನ್ನು ಉದ್ದಕ್ಕೆ ಸೀಳಿ, ಉಪ್ಪು ಅರಿಸಿನ ಸವರಿ, ಹಗ್ಗಕ್ಕೆ ಪೋಣಿಸಿ, ಹಗಲು ಬಿಸಿಲಿಗೆ, ರಾತ್ರಿ ಒಲೆಯ ಮೇಲಿನ ಅಟ್ಟಕ್ಕೆ. ಉಪ್ಪುಕಂಡವಾಗುತ್ತಿದ್ದದ್ದು ಹೀಗೆ. ಕೊಡಗಿನ ಮನೆಗಳಲ್ಲಿ ಹಂದಿ ಮಾಂಸ, ನಾಗಾಲ್ಯಾಂಡಿನಲ್ಲೂ ಹಂದಿ ಮಾಂಸ, ಒಲೆಯ ಮೇಲೆ ದಿನಗಟ್ಟಲೆ ತೂಗುತ್ತದೆ. ಒಲೆಯಲ್ಲಿ ಆ ದಿನ ಯಾವ ಸೌದೆ ಇತ್ತೋ ಅದೇ ಹೊಗೆ. ಅದು ಕೆಡದೆ ಉಳಿಯುತ್ತಿದ್ದದ್ದು ಉಪ್ಪಿನಿಂದ, ಒಣಗಿದ್ದರಿಂದ. ಒಲೆಗೂ ಅಟ್ಟಕ್ಕೂ ಆಳೆತ್ತರದ ಅಂತರವಿದ್ದದ್ದರಿಂದ ಮೇಲೆ ಹೋಗುವ ಹೊಗೆ ಆರಿ, ತೆಳುವಾಗಿ, ದಪ್ಪ ಮಸಿಯನ್ನು ಜಂತೆಯ ಇಲ್ಲಣಕ್ಕೇ ಬಿಟ್ಟು ಬರುತ್ತಿತ್ತು. ಬೈಲುಕುಪ್ಪೆಯ ಟಿಬೆಟನ್ನರು ತಮ್ಮ ನಾಡಿನಲ್ಲಿ ಮಾಂಸಕ್ಕೆ ಹೊಗೆಯನ್ನೇ ಹಾಕದೆ ಚಳಿಗಾಳಿಯಲ್ಲಿ ಒಣಗಿಸುತ್ತಿದ್ದವರು. ನಮ್ಮ ಸೆಕೆಯಲ್ಲಿ, ಮಳೆಯ ತೇವದಲ್ಲಿ ಆ ಉಪಾಯ ನಡೆಯದು.

ಇದರಿಂದ ಒಂದು ಎಚ್ಚರಿಕೆ. ಮೊಬೈಲಿನಲ್ಲಿ ತಣ್ಣನೆಯ ಹೊಗೆ ಅಂತ ಒಂದು ವಿಧಾನ ತೋರಿಸುತ್ತಾರೆ. 30 ಡಿಗ್ರಿಯೊಳಗೆ, ಬೇಯಿಸದೆ, ಬರೀ ಹೊಗೆ. ಚಳಿದೇಶದ ಆ ವಿದ್ಯೆಯನ್ನು ಹುಣಸೂರಿನ ಏಪ್ರಿಲ್ಲಿಗೆ ತರಬೇಡಿ. 5ರಿಂದ 60 ಡಿಗ್ರಿಯ ನಡುವೆ ಹಸಿ ಮಾಂಸದಲ್ಲಿ ರೋಗಾಣುಗಳು ಹಬ್ಬ ಮಾಡುತ್ತವೆ, ಹೊಗೆ ಅವನ್ನು ಕೊಲ್ಲುವುದಿಲ್ಲ. ಹಂದಿ ಮಾಂಸದಲ್ಲಿ ಲಾಡಿಹುಳುವಿನ ಭಯ ಬೇರೆ. ನೀವು ಮಾಡಬೇಕಾದದ್ದು ಬಿಸಿ ಹೊಗೆ. ಹೊಗೆಯ ಜೊತೆಗೇ ಮಾಂಸ ಒಳಗಿನ ತನಕ ಬೇಯಬೇಕು.

ಮೊದಲ ಸಲಕ್ಕೆ ಎರಡು ಕಿಲೊ ಹಂದಿ ಮಾಂಸ ಸಾಕು, ಕೊಬ್ಬಿನ ಪದರ ಇರುವ ಹೊಟ್ಟೆಯ ಭಾಗ. ಕಿಲೊಗೆ 20–25 ಗ್ರಾಂ ಉಪ್ಪು, ಸ್ವಲ್ಪ ಅರಿಸಿನ, ಕುಟ್ಟಿದ ಮೆಣಸು ಸವರಿ ರಾತ್ರಿ ಫ್ರಿಡ್ಜಿನಲ್ಲಿಡಿ. ಬೆಳಿಗ್ಗೆ ನೀರು ಒರೆಸಿ, ಫ್ಯಾನಿನ ಗಾಳಿಗೆ ಅರ್ಧ ಗಂಟೆ ಇಟ್ಟರೆ ಮೇಲ್ಮೈ ಬೆರಳಿಗೆ ಸ್ವಲ್ಪ ಅಂಟುವ ಹಾಗಾಗುತ್ತದೆ. ಹೊಗೆ ಹಿಡಿಯುವುದು ಆ ಅಂಟಿಗೆ. ಒದ್ದೆ ಮಾಂಸಕ್ಕೆ ಹೊಗೆ ಹಾಕಿದರೆ ಪಟ್ಟೆ ಪಟ್ಟೆಯಾಗಿ ಮಸಿ ಇಳಿಯುತ್ತದೆ. ಗೂಡಿಗೆ ಹೆಚ್ಚು ಖರ್ಚು ಬೇಡ. ಇಟ್ಟಿಗೆಯನ್ನು ಒಣದಾಗಿ ಎದೆಯ ಎತ್ತರಕ್ಕೆ ಜೋಡಿಸಿ, ಕೆಳಗೆ ಒಂದು ಬದಿ ಕೆಂಡ, ಮೇಲೆ ಇನ್ನೊಂದು ಬದಿ ಸರಳಿನ ಮೇಲೆ ಮಾಂಸ, ತಗಡು ಮುಚ್ಚಿ ಒಂದು ಸಂದು ಬಿಡಿ. ತಗಡಿಗೆ ಸತುವಿನ ಲೇಪ ಇದ್ದರೆ ಅದು ಕೆಂಡದ ನೇರಕ್ಕೆ ಬರದಿರಲಿ. ಔಷಧಿ, ರಾಸಾಯನಿಕ ತುಂಬಿದ್ದ ಡ್ರಮ್ ಎಷ್ಟು ತೊಳೆದರೂ ಬೇಡ. ಮಾಂಸದ ಕೆಳಗೆ ಒಂದು ತಟ್ಟೆಯಲ್ಲಿ ನೀರಿಡಿ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಬಾರದು.

ಈ ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಬ್ಬು ಕೆಂಡಕ್ಕೆ ಬಿದ್ದು ಭಗ್ಗನೆ ಉರಿದಾಗ, ಸೌದೆ ಜ್ವಾಲೆಯೆದ್ದು ಉರಿದಾಗ ಬೆಂಜೊಪೈರಿನ್‌ನಂಥ ಕ್ಯಾನ್ಸರ್ ತರುವ ವಸ್ತುಗಳು ಹೊಗೆಗೆ ಸೇರುತ್ತವೆ. ಇವನ್ನು ತಗ್ಗಿಸುವುದು ಹೇಗೆ ಅಂತ ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ಕೋಡೆಕ್ಸ್ ಆಯೋಗ 2009ರಲ್ಲಿ ಒಂದು ಸಂಹಿತೆಯನ್ನೇ ಹೊರಡಿಸಿತು. ಮರದ ಜಾತಿ, ತೇವ, ಬೆಂಕಿಯ ಕಾವು, ಕೊಬ್ಬು ತೊಟ್ಟಿಕ್ಕುವುದು, ಬೆಂಕಿಗೂ ಆಹಾರಕ್ಕೂ ಇರುವ ದೂರ, ಎಲ್ಲವೂ ಅದರಲ್ಲಿ ಲೆಕ್ಕಕ್ಕೆ ಬರುತ್ತವೆ. ಯುರೋಪಿನಲ್ಲಿ ಹೊಗೆ ಹಿಡಿಸಿದ ಮಾಂಸದ ಒಂದು ಕಿಲೊದಲ್ಲಿ ಬೆಂಜೊಪೈರಿನ್ 5 ಮೈಕ್ರೊಗ್ರಾಂ ತನಕ ಇರಬಹುದಿತ್ತು, 2014ರ ಸೆಪ್ಟೆಂಬರಿನಿಂದ ಆ ಮಿತಿಯನ್ನು 2ಕ್ಕೆ ಇಳಿಸಿದರು. ಹೊಗೆ ಹಾಕಿ, ಉಪ್ಪು ಹಾಕಿ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಹೊಗೆಸೊಪ್ಪೂ ಅದೇ ಗುಂಪಿನಲ್ಲಿದೆ. ಎರಡರ ಸಾಕ್ಷ್ಯ ಅಷ್ಟೇ ಗಟ್ಟಿ ಅಂತ ಅದರ ಅರ್ಥ, ಅಪಾಯ ಸಮ ಅಂತ ಅಲ್ಲ. ಹಬ್ಬಕ್ಕೆ ಹುಣ್ಣಿಮೆಗೆ ಮಾಡಿ ತಿನ್ನಿ. ದಿನದ ಊಟ ಮಾಡಿಕೊಳ್ಳಬೇಡಿ.

ಕೆಂಡ ಹದಕ್ಕೆ ಬಂದಮೇಲೆ ಮುಷ್ಟಿ ಗಾತ್ರದ ಎರಡು ಸೀಬೆ ತುಂಡು ಇಟ್ಟು, ಗೂಡಿನ ಕಾವನ್ನು 110–120 ಡಿಗ್ರಿಯಲ್ಲಿ ಹಿಡಿಯಿರಿ. ಬೆಂಕಿ ಕಾಯುವ ಈ ಕೆಲಸದಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ರಾತ್ರಿಯಿಡೀ ಬ್ಯಾರನ್ ಬಾಗಿಲಲ್ಲಿ ಕೂತು ಡಿಗ್ರಿ ಡಿಗ್ರಿಯಾಗಿ ಏರಿಸಿದವರಿಗೆ ಮೂರು ನಾಲ್ಕು ಗಂಟೆ ಯಾವ ಲೆಕ್ಕ. ಬ್ಯಾರನ್ನಿನ ಗಾಜಿನ ಥರ್ಮಾಮೀಟರನ್ನು ಮಾತ್ರ ಮಾಂಸಕ್ಕೆ ಚುಚ್ಚಬೇಡಿ. ಆಹಾರಕ್ಕೆಂದೇ ಉಕ್ಕಿನ ಮೊನೆಯದು ಸಿಗುತ್ತದೆ, ಕೆಲವು ನೂರು ರೂಪಾಯಿ. ಹಂದಿ, ಕೋಳಿ ಎರಡಕ್ಕೂ ದಪ್ಪ ಭಾಗದ ಒಳಗೆ 75 ಡಿಗ್ರಿ ಬಂದರೆ ಇಳಿಸಬಹುದು. ಮೊದಲ ಎರಡು ಗಂಟೆ ಹೊಗೆ ಸಾಕು, ಮಾಂಸ ಬಣ್ಣ ಹಿಡಿದು ಒಣಗಿದ ಮೇಲೆ ಎಷ್ಟು ಹೊಗೆ ಹಾಕಿದರೂ ಕಹಿಯೇ ಹೆಚ್ಚು. ಮಿಕ್ಕಿದ್ದು ಫ್ರಿಡ್ಜಿನಲ್ಲಿ ಮೂರು ದಿನ, ಅಷ್ಟೇ. ಉಪ್ಪುಕಂಡದಂತೆ ತಿಂಗಳುಗಟ್ಟಲೆ ಉಳಿಯುವ ಪದಾರ್ಥ ಇದಲ್ಲ.

ಹಿಕರಿ ಚಕ್ಕೆಯ ಪೊಟ್ಟಣ ತರಿಸಬೇಕೇ ಅಂದರೆ, ಬೇಡ. ಅಮೆರಿಕದವರು ಹಿಕರಿ ಬಳಸುವುದು ಅದು ಅವರ ಬೇಲಿಯಾಚೆ ಬೆಳೆಯುತ್ತದೆ ಅಂತ. ಟೆಕ್ಸಸ್ಸಿನಲ್ಲಿ ಮೆಸ್ಕೀಟ್ ಅಂತ ಹೊಗಳುವ ಮರದ ಖಾಸಾ ಬಂಧುವೇ ನಮ್ಮ ಬಳ್ಳಾರಿ ಜಾಲಿ. ಬಯಲುಸೀಮೆಯವರು ಅದನ್ನು ಕಂಡರೆ ಬೈಯುತ್ತಾರೆ. ದನದ ಮಾಂಸಕ್ಕೆ, ಕುರಿಗೆ ಒಪ್ಪುವ ಖಾರವಾದ ಹೊಗೆ ಅದರದು. ಆ ಕಡೆಯ ನೆಂಟರು ಬರುವಾಗ ನಾಲ್ಕು ಒಣ ತುಂಡು ತರಲು ಹೇಳಿ, ಮಗನ ಆಸೆಯೂ ತೀರುತ್ತದೆ. ಆ ಹೊಗೆ ಜೋರು, ಒಂದು ಗಂಟೆ ಮೀರಬೇಡಿ.

ಮಾಂಸ ಮುಟ್ಟದವರಿಗೆ ಗೂಡನ್ನೇ ಬೇರೆ ಮಾಡಿ, ಇಟ್ಟಿಗೆ ತಾನೇ. ಹೊಗೆಯಲ್ಲಿ ಒಣಗಿಸಿದ ಪದಾರ್ಥ ಅವರಿಗೂ ಹೊಸದಲ್ಲ, ಮಲೆನಾಡಿನಲ್ಲಿ ಉಪ್ಪಾಗೆ ಸಿಪ್ಪೆ ಕಪ್ಪಾಗುವುದು ಸೌದೆ ಒಲೆಯ ಮೇಲೆಯೇ. ಬದನೆಕಾಯಿ, ಟೊಮೆಟೊ, ಹಸಿಮೆಣಸಿನಕಾಯಿ, ಸಿಪ್ಪೆ ಸಮೇತ ಬೆಳ್ಳುಳ್ಳಿ ಗಡ್ಡೆ, ಇವಕ್ಕೆ ಮಾವು ಅಥವಾ ಸೀಬೆಯ ಹೊಗೆ ಅರ್ಧ ಗಂಟೆ ಸಾಕು. ಗೊಜ್ಜಿಗೆ, ಚಟ್ನಿಗೆ ಒದಗುತ್ತವೆ. ಪನೀರ್ ಬೇಗ ಹೊಗೆ ಕುಡಿಯುತ್ತದೆ, ಹತ್ತು ನಿಮಿಷ. ಎಲ್ಲಕ್ಕಿಂತ ಸುಲಭದ್ದು ಉಪ್ಪು. ಕಲ್ಲುಪ್ಪನ್ನು ಅಗಲವಾದ ಮಣ್ಣಿನ ತಟ್ಟೆಯಲ್ಲಿ ತೆಳುವಾಗಿ ಹರಡಿ, ಕೆಂಡ ಆರುತ್ತಾ ಬಂದ ಗೂಡಿನಲ್ಲಿ ಕಾಫಿ ಮರದ ಒಂದು ತುಂಡಿನ ಜೊತೆ ಎರಡು ಗಂಟೆ ಬಿಡಿ, ನಡುವೆ ಒಮ್ಮೆ ಕೈಯಾಡಿಸಿ. ಬಿಳಿ ಉಪ್ಪು ಬೂದುಗಂದು ಬಣ್ಣಕ್ಕೆ ತಿರುಗುತ್ತದೆ. ಆರಿದ ಮೇಲೆ ಬಿಗಿ ಮುಚ್ಚಳದ ಭರಣಿಗೆ ತುಂಬಿ. ಮಜ್ಜಿಗೆಗೆ ಚಿಟಿಕೆ, ಉಪ್ಸಾರಿನ ಖಾರ ಅರೆಯುವಾಗ ಅರ್ಧ ಚಮಚ ಹಾಕಿದರೆ ಸಾಕು.